ಇಸಿಯು ಬದಲಿಸುವ ಮೊದಲು ವೈರ್ ನೋಡಿ

ಕಳೆದ ಮಳೆಗಾಲ ಭಾಗಮಂಡಲ ರಸ್ತೆಯಲ್ಲಿ ನನ್ನ ಕಾರು ಮೂರು ಸಲ ನಿಂತಿತು. ಗ್ಯಾರೇಜಿನಲ್ಲಿ 'ಇಸಿಯು ಹೋಗಿದೆ' ಅಂದರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ನಾನೇ ಬಿಚ್ಚಿ ನೋಡಿದೆ. ಬ್ಯಾಟರಿ ಕೆಳಗಿನ ಅರ್ತ್ (ನೆಗೆಟಿವ್ ವೈರ್ ಕಾರಿನ ಬಾಡಿಗೆ ಸೇರುವ) ಬೋಲ್ಟಿಗೆ ಹಸಿರು ಕಿಲುಬು ಹಿಡಿದಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿದೆ. ಆಮೇಲೆ ಕಾರು ನಿಂತಿಲ್ಲ.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಒಳಗೆ ಸೇರಿದ ತೇವ ಬೇಗ ಆರುವುದಿಲ್ಲ. ಶೆಡ್ಡಿನಲ್ಲಿ ಇಲಿ ಕಾಟ ಬೇರೆ. ಅದಕ್ಕೇ ಪೆಟ್ಟಿಗೆಗಿಂತ ಮೊದಲು ವೈರ್ ಮೇಲೆ ಅನುಮಾನ ಪಡಿ.

ನಿಮ್ಮ ಕಾರಿನ ಮಾಡೆಲ್, ವರ್ಷ, ಎಂಜಿನ್ ಮೂರಕ್ಕೂ ಹೊಂದುವ ವೈರಿಂಗ್ ನಕ್ಷೆ ಬೇಕೇ ಬೇಕು. ಬಣ್ಣ ಒಂದನ್ನೇ ನಂಬಬೇಡಿ. ಕಪ್ಲರ್ ಮೇಲೆ ಸಣ್ಣದಾಗಿ ಅಚ್ಚಾಗಿರುವ ಪಿನ್ ನಂಬರ್ ಓದಿ. ನಕ್ಷೆ ವೈರ್ ಕಡೆಯಿಂದ ನೋಡಿದ್ದೋ, ಪಿನ್ ಕಡೆಯಿಂದ ನೋಡಿದ್ದೋ ಗಮನಿಸಿ. ತಪ್ಪಿದರೆ ಎಡ ಬಲ ಅದಲುಬದಲಾಗುತ್ತದೆ. ಕಪ್ಲರ್ ಬಿಚ್ಚುವಾಗ ಇಗ್ನಿಷನ್ ಆಫ್ ಇರಲಿ. ಏರ್‌ಬ್ಯಾಗಿನ ಹಳದಿ ಕಪ್ಲರ್ ಮುಟ್ಟಲೇಬೇಡಿ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಇಸಿಯುಗೆ ಸಾಮಾನ್ಯವಾಗಿ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್ ಒಂದು, ಕೀ ತಿರುಗಿಸಿದಾಗ ಬರುವುದು ಇನ್ನೊಂದು, ಮೇನ್ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮೂಲಕ ಬರುವುದು ಮತ್ತೊಂದು. ಯಾವುದಾದರೂ ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ.

ಅರ್ತ್ ನೋಡುವಾಗಲೇ ಜಾಸ್ತಿ ಜನ ಎಡವುತ್ತಾರೆ. ಮೀಟರನ್ನು ಓಮ್‌ಗೆ, ಅಂದರೆ ವೈರಿನ ರೋಧದ ಅಳತೆಗೆ, ಇಟ್ಟು ಅಳೆದು ಸರಿ ಇದೆ ಅನ್ನುತ್ತಾರೆ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿದ್ದರೂ ಓಮ್ ಸರಿಯಾಗೇ ತೋರಿಸುತ್ತದೆ, ಅಲ್ವಾ? ಎಂಜಿನ್ ಓಡುತ್ತಿರುವಾಗ ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಕೆಂಪನ್ನು ಇಸಿಯುವಿನ ಅರ್ತ್ ಪಿನ್ನಿಗೆ ಇಡಿ. 0.1 ವೋಲ್ಟ್‌ಗಿಂತ ಕಡಿಮೆ ಬರಬೇಕು. ಜಾಸ್ತಿ ಬಂದರೆ ಎಲ್ಲೋ ಕಿಲುಬಿದೆ, ಇಲ್ಲವೇ ಎಳೆ ತುಂಡಾಗಿದೆ.

ಮೂರು ವೈರಿನ ಸೆನ್ಸರುಗಳಲ್ಲಿ ಹೆಚ್ಚಿನವಕ್ಕೆ 5 ವೋಲ್ಟ್, ಅರ್ತ್, ಸಿಗ್ನಲ್ ಇರುತ್ತವೆ. ಒಟ್ಟಿಗೆ ಹಲವು ಸೆನ್ಸರುಗಳ 5 ವೋಲ್ಟ್ ಹೋಗಿದ್ದರೆ, ಒಂದೊಂದನ್ನೇ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೋ, ಆ ಸೆನ್ಸರ್ ಶಾರ್ಟ್ ಆಗಿದೆ.

ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಕೀ ಆನ್ ಇರುವಾಗ 12 ವೋಲ್ಟ್ ಒಂದು ಕಡೆ ಇರುತ್ತದೆ. ಇಸಿಯು ಇನ್ನೊಂದು ಕಡೆಗೆ ಅರ್ತ್ ಕೊಟ್ಟು ತೆರೆಯುತ್ತದೆ. ಈ ವೈರುಗಳಿಗೆ ಬಲ್ಬ್ ಟೆಸ್ಟರ್ ತಾಗಿಸಬೇಡಿ, ಅದು ಎಳೆಯುವ ಕರೆಂಟಿಗೆ ಇಸಿಯು ಸುಟ್ಟೀತು.

ದೋಷ ಓದುವ ಸ್ಕ್ಯಾನರ್ ಇಸಿಯು ಜೊತೆ ಮಾತೇ ಆಡದಿದ್ದರೆ, ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟಿನ 6 ಮತ್ತು 14ನೇ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಈ ಪಿನ್‌ಗಳು ನೇರ ಕ್ಯಾನ್ ಲೈನಿಗೆ (ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಜೋಡಿ ವೈರ್) ಹೋಗುವ ಕಾರುಗಳಲ್ಲಿ ಸುಮಾರು 60 ಬರಬೇಕು. 120 ಬಂದರೆ ಆ ಲೈನಿನ ಒಂದು ತುದಿ ಕಡಿದಿದೆ.

ಸೂಜಿ ಚುಚ್ಚಿ ಮಾತ್ರ ಅಳೆಯಬೇಡಿ. ನಮ್ಮ ಮಳೆಗೆ ಆ ಸಣ್ಣ ತೂತೇ ಸಾಕು, ನೀರು ಒಳಗೆ ಹೋಗಿ ತಾಮ್ರ ತಿನ್ನುತ್ತದೆ. ಕಪ್ಲರಿನ ಹಿಂದಿನಿಂದ, ವೈರ್ ಪಕ್ಕದಲ್ಲಿ ತೆಳು ಮೊನೆ ಇಳಿಸಿ. ಜೋಡಿಸುವಾಗ ರಬ್ಬರ್ ಸೀಲ್ ಕೂತಿದೆಯೇ ನೋಡಿ, ವೈರನ್ನು ಕಪ್ಲರಿಗಿಂತ ಸ್ವಲ್ಪ ಕೆಳಗೆ ಬಾಗಿಸಿ ಕಟ್ಟಿ. ವೈರ್ ಹಿಡಿದು ಇಳಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.