ಗಂಡ ಹೆಂಡತಿ ಒಟ್ಟಿಗೆ ಮಿಷನ್ ಟ್ರಿಪ್‌ಗೆ ಹೊರಟಿದ್ದೀರಾ? ಮೊದಲು ಸೊಳ್ಳೆಪರದೆ ಎಷ್ಟಗಲ ಅಂತ ಕೇಳಿ

ಮದುವೆಯಾಗಿ ಎರಡನೇ ವರ್ಷ ನಾನೂ ನಮ್ಮನೆಯವರೂ ಕ್ರೈಸ್ತ ಸೇವೆಗೆ ಹೊರಟ ಒಂದು ತಂಡದ ಜೊತೆ ಕೀನ್ಯಾಗೆ ಹೋಗಿದ್ದೆವು. ಕಿಸುಮು ಆಚೆಗೆ, ವಿಕ್ಟೋರಿಯಾ ಸರೋವರದ ಹತ್ತಿರ ಒಂದು ಹಳ್ಳಿ. ಏಳು ವಾರ. ಶಾಲೆಗೆ ಬಣ್ಣ ಹೊಡೆಯುವುದು, ಮಕ್ಕಳ ಕೂಟ, ಸಂಜೆ ಮನೆ ಭೇಟಿ. ಹೊರಡುವ ಮುಂಚೆ ಲಗೇಜ್ ಎಷ್ಟು ಕೆಜಿ ಅನ್ನುವುದರಿಂದ ಹಿಡಿದು ಸಾಕ್ಷಿ, ಅಂದರೆ ನಮ್ಮ ನಂಬಿಕೆಯ ಅನುಭವ, ಹೇಳುವುದು ಹೇಗೆ ಅನ್ನುವವರೆಗೆ ಎಲ್ಲ ಹೇಳಿಕೊಟ್ಟರು. ಹದಿನಾಲ್ಕು ಜನರ ಮಧ್ಯೆ ಗಂಡ ಹೆಂಡತಿಯಾಗಿ ಇರುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಮೊದಲನೇದು, ಈ ಸೇವೆಗೆ ದೇವರ ಕರೆ ಬಂದಿರುವುದು ಯಾರಿಗೆ ಅಂತ ಮನೆಯಲ್ಲೇ ಕೂತು ಮಾತಾಡಿ. ಒಬ್ಬರಿಗೆ ಕರೆ, ಇನ್ನೊಬ್ಬರಿಗೆ ಬರೀ ಟಿಕೆಟ್ ಆದರೆ ಕಷ್ಟ. ಇಂಗ್ಲೆಂಡಿನಿಂದ ಇಂಡಿಯಾಗೆ ಬಂದ ಮಿಷನರಿ ವಿಲಿಯಂ ಕೇರಿಯ ಹೆಸರು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಗೊತ್ತು. ಅವರ ಹೆಂಡತಿ ಡೊರೊಥಿಯ ಕಥೆ ಅಷ್ಟಾಗಿ ಗೊತ್ತಿಲ್ಲ. ಆಕೆಗೆ ಇಂಡಿಯಾಗೆ ಬರಲು ಇಷ್ಟವೇ ಇರಲಿಲ್ಲ, ಕೊನೆಗೆ ತಂಗಿ ಜೊತೆಗೆ ಬರುವುದಾದರೆ ಅಂತ ಒಪ್ಪಿ 1793ರಲ್ಲಿ ಹಡಗು ಹತ್ತಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಹೋದ. ಆಮೇಲೆ ಆಕೆಯ ಮನಸ್ಸು ಕೆಟ್ಟಿತು, 1807ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಏಳು ವಾರದ ಟ್ರಿಪ್‌ಗೆ ಇಷ್ಟು ದೊಡ್ಡ ಉದಾಹರಣೆ ಬೇಕಾ ಅನ್ನಬಹುದು. ಆದರೂ ಅರೆಮನಸ್ಸಿನ ‘ಹೂಂ’ ಮೂರನೇ ವಾರಕ್ಕೆ ಹೊರಗೆ ಬಂದೇ ಬರುತ್ತದೆ.

ಎರಡನೇದು, ಮಲಗುವ ವ್ಯವಸ್ಥೆ ಏನು ಅಂತ ನಾಚಿಕೆ ಬಿಟ್ಟು ಕೇಳಿ. ಎಷ್ಟೋ ಕಡೆ ಗಂಡಸರಿಗೆ ಒಂದು ಹಾಲ್, ಹೆಂಗಸರಿಗೆ ಒಂದು ಹಾಲ್ ಕೊಟ್ಟುಬಿಡುತ್ತಾರೆ. ನಮಗೆ ಪುಣ್ಯಕ್ಕೆ ಒಂದು ಕೋಣೆ ಸಿಕ್ಕಿತು. ಮಂಚ ಇಬ್ಬರದು, ಸೊಳ್ಳೆಪರದೆ ಒಬ್ಬರದು. ಅದನ್ನು ಎಷ್ಟು ಎಳೆದು ಹಾಸಿಗೆ ಕೆಳಗೆ ಸಿಕ್ಕಿಸಿದರೂ ಯಾರಾದರೂ ಒಬ್ಬರ ಮೊಣಕೈ ಪರದೆಗೆ ಅಂಟಿಕೊಂಡೇ ಇರುತ್ತಿತ್ತು, ಸೊಳ್ಳೆ ಹೊರಗೇ ಕೂತು ಆರಾಮಾಗಿ ಕಚ್ಚುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನಮ್ಮನೆಯವರ ಮೊಣಕೈ ಮೇಲೆ ಹನ್ನೊಂದು ದದ್ದು. ಮಲೇರಿಯಾ ಇರುವ ಜಾಗ, ನಗುವ ವಿಷಯ ಅಲ್ಲ. ಡಬಲ್ ಪರದೆ ಇಲ್ಲಿಂದಲೇ ತೆಗೆದುಕೊಂಡು ಹೋಗಿ. ಒಂದು ಚಿಲಕವನ್ನೂ ನಾಲ್ಕು ಸ್ಕ್ರೂವನ್ನೂ ಇಟ್ಟುಕೊಳ್ಳಿ, ಅಲ್ಲಿ ಬಾಗಿಲು ತಟ್ಟಿ ಒಳಗೆ ಬರುವವರು ಕಡಿಮೆ! ಬೇರೆ ಬೇರೆ ಹಾಲ್‌ನಲ್ಲೇ ಇರಬೇಕಾದರೂ ಪರವಾಗಿಲ್ಲ, ಆದರೆ ಆ ತೀರ್ಮಾನ ನಿಮ್ಮಿಬ್ಬರದಾಗಿರಲಿ. ಗಂಡ ಹೆಂಡತಿ ಪ್ರಾರ್ಥನೆಗಾಗಿ ಅಗಲಿ ಇರುವುದಾದರೆ ಇಬ್ಬರ ಒಪ್ಪಿಗೆಯಿಂದ, ಸ್ವಲ್ಪ ಕಾಲ ಮಾತ್ರ ಅಂತ ಬೈಬಲಿನಲ್ಲಿ ಪೌಲನೇ ಕೊರಿಂಥದವರಿಗೆ ಬರೆದಿದ್ದಾನಲ್ವಾ.

ಈಗ ಕೆಲಸದ ವಿಷಯ. ನಮ್ಮ ದೊಡ್ಡ ಜಗಳ ಆಗಿದ್ದು ಇದಕ್ಕೇ. ನಮ್ಮನೆಯವರ ಹೆಸರು ಪಟ್ಟಿಯಲ್ಲಿ ‘ಸಂದೇಶ’ದ, ಅಂದರೆ ಪ್ರಸಂಗದ, ಮುಂದೆ ಇತ್ತು, ನನ್ನ ಹೆಸರು ಎಲ್ಲೂ ಇರಲಿಲ್ಲ. ಇಲ್ಲದವರು ಎಲ್ಲಿಗೆ ಹೋಗುತ್ತಾರೆ? ಅಡುಗೆಮನೆಗೆ. ಇದ್ದಿಲ ಒಲೆ ಮೇಲೆ ಉಗಾಲಿ ತೊಳಸುವುದನ್ನು ಅಲ್ಲಿನ ಅಮ್ಮಂದಿರಿಂದ ಕಲಿತೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ ಅದು, ಮುದ್ದೆ ಗೊತ್ತಿರುವವರಿಗೆ ಕೈ ಬೇಗ ಕೂರುತ್ತದೆ. ಖುಷಿಯಾಗಿಯೇ ಕಲಿತೆ. ಆದರೆ ಹತ್ತನೇ ದಿನ ರಾತ್ರಿ ತಳ ಹಿಡಿದ ಪಾತ್ರೆ ಉಜ್ಜುತ್ತಾ ಇರುವಾಗ ಅವರು ಬಂದು ಇವತ್ತಿನ ಸಂದೇಶ ಹೇಗಿತ್ತು ಅಂತ ಕೇಳಿದರು ನೋಡಿ, ಸೇವೆ ನಿಮ್ಮದು, ಪಾತ್ರೆ ನಂದು ಅಂದುಬಿಟ್ಟೆ. ನಾನು ಹನ್ನೆರಡು ವರ್ಷ ಸಂಡೇ ಸ್ಕೂಲ್ ಟೀಚರ್! ಮಾರನೇ ದಿನ ಅವರೇ ಲೀಡರ್ ಹತ್ತಿರ ಹೋಗಿ ಮಕ್ಕಳ ಕೂಟ ನನಗೆ ಕೊಡಿಸಿದರು, ವಾರಕ್ಕೆ ಎರಡು ದಿನ ತಾವೇ ಪಾತ್ರೆಗೆ ನಿಂತರು. ಇದನ್ನು ಹೊರಡುವ ಮುಂಚೆಯೇ ಮಾಡಬಹುದಿತ್ತು. ನೀವು ಮಾಡಿ. ಇಬ್ಬರ ಕೆಲಸ ಏನು ಅಂತ ಬರೆದು ಕೊಡಲು ಕೇಳಿ.

ಜಗಳ ಆಗುತ್ತದೆ, ಆಗಲಿ. ಅದಕ್ಕೊಂದು ಜಾಗ ಮಾಡಿಕೊಳ್ಳಿ. ತಂಡದಲ್ಲಿ ಅರ್ಧ ಜನ ಮಲಯಾಳಿಗಳು, ಕನ್ನಡದಲ್ಲಿ ಬೈದುಕೊಂಡರೆ ಗೊತ್ತಾಗಲ್ಲ ಅಂದುಕೊಂಡಿದ್ದೆವು. ಮುಖ ನೋಡಿದರೆ ಯಾರಿಗೆ ಗೊತ್ತಾಗಲ್ಲ? ಆಮೇಲೆ ಒಂದು ಗುಟ್ಟಿನ ಮಾತು ಇಟ್ಟುಕೊಂಡೆವು, ‘ಮೀನು ತರೋಣ ಬನ್ನಿ’. ಸರೋವರದ ದಡಕ್ಕೆ ಇಪ್ಪತ್ತು ನಿಮಿಷ ನಡಿಗೆ. ಅಲ್ಲಿ ಒಮೆನಾ ಅನ್ನುವ ಬೆರಳುದ್ದದ ಬೆಳ್ಳಿ ಬಣ್ಣದ ಮೀನನ್ನು ನೆಲದ ಮೇಲೆ ಬಲೆ ಹಾಸಿ ಒಣಗಿಸುತ್ತಾರೆ. ಹೋಗುವಾಗ ಜಗಳ, ಬರುವಾಗ ಸುಮ್ನೆ ಮಾತು, ಕೈಯಲ್ಲಿ ಒಂದು ಪೊಟ್ಟಣ ಒಣಮೀನು. ಇವರಿಗೆ ಮೀನಿನ ಹುಚ್ಚು ಜಾಸ್ತಿ ಅಂತ ತಂಡದವರು ಇವತ್ತಿಗೂ ನಂಬಿದ್ದಾರೆ.

ಒಂದು ಮಾತ್ರ ಮಾಡಲೇಬೇಡಿ. ಬೆಳಗಿನ ಪ್ರಾರ್ಥನೆಯಲ್ಲಿ ‘ನಮ್ಮನೆಯವರ ಸಿಟ್ಟು ಕಡಿಮೆಯಾಗಲಿ ಕರ್ತನೇ’ ಅಂತ ಎಲ್ಲರ ಮುಂದೆ ಬೇಡುವುದು. ಅದು ಪ್ರಾರ್ಥನೆ ಅಲ್ಲ, ಚಾಡಿ. ನಾನೇ ಮಾಡಿದ್ದೇನೆ, ಅದಕ್ಕೇ ಗೊತ್ತು.

ಊರವರ ಮುಂದೆ ಹೇಗಿರಬೇಕು ಅನ್ನುವುದು ನಮಗೆ ಕಷ್ಟವಾಗಲಿಲ್ಲ. ಅಲ್ಲೂ ಹಳ್ಳಿ ಕಡೆ ಗಂಡ ಹೆಂಡತಿ ಕೈ ಹಿಡಿದು ತಿರುಗುವುದಿಲ್ಲ. ಹೆಂಗಸರನ್ನು ‘ಮಾಮಾ’ ಅಂತ ಗೌರವದಿಂದ ಕರೆಯುತ್ತಾರೆ, ಮೊದಲ ದಿನ ನನ್ನನ್ನು ಹಾಗೆ ಕರೆದಾಗ ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು. ಅದರ ಹಿಂದೆಯೇ ಬರುವ ಪ್ರಶ್ನೆ, ‘ವಾಟೊಟೊ ವಂಗಾಪಿ?’ ಮಕ್ಕಳೆಷ್ಟು? ಮಕ್ಕಳಿಲ್ಲದಿದ್ದರೆ ಏನು ಹೇಳಬೇಕು ಅಂತ ಇಬ್ಬರೂ ಮೊದಲೇ ಒಂದು ಉತ್ತರ ಇಟ್ಟುಕೊಳ್ಳಿ. ಒಬ್ಬರು ‘ಈಗಲೇ ಬೇಡ’ ಅಂದು ಇನ್ನೊಬ್ಬರು ‘ದೇವರು ಇನ್ನೂ ಕೊಟ್ಟಿಲ್ಲ’ ಅಂದರೆ ಅಲ್ಲೇ ಪ್ರಾರ್ಥನಾ ಕೂಟ ಶುರುವಾಗುತ್ತದೆ.

ಮನೆಗೆ ಫೋನ್ ಮಾಡುವುದಾದರೆ ಅಲ್ಲಿಗಿಂತ ಇಲ್ಲಿ ಎರಡೂವರೆ ಗಂಟೆ ಮುಂದೆ. ಅತ್ತೆಗೆ ರಾತ್ರಿ ಊಟದ ನಂತರ ಮಾಡಬೇಡಿ, ಅವರು ಮಲಗಿರುತ್ತಾರೆ.

ಔಷಧಿ ವಿಷಯ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಬೇಕು, ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಮಗುವಿನ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಲಸಿಕೆ ಆದಮೇಲೆ ಒಂದು ತಿಂಗಳು ತಡೆಯಲು ಹೇಳುತ್ತಾರೆ. ಮಲೇರಿಯಾಗೆ ವಾರಕ್ಕೊಂದು ತೆಗೆದುಕೊಳ್ಳುವ ಮೆಫ್ಲೋಕ್ವಿನ್ ಕೆಲವರಿಗೆ ಕೆಟ್ಟ ಕನಸು, ಕಳವಳ ತರುತ್ತದೆ. ನಮ್ಮನೆಯವರಿಗೆ ಭಾನುವಾರ ಮಾತ್ರೆ, ಸೋಮವಾರ ಸಿಡಿಸಿಡಿ. ನಾಲ್ಕನೇ ವಾರದವರೆಗೂ ಅದು ಅವರ ಗುಣ ಅಂತಲೇ ಅಂದುಕೊಂಡಿದ್ದೆ, ಪಾಪ. ಹೊರಡುವ ಎರಡು ಮೂರು ವಾರ ಮುಂಚೆಯೇ ಶುರು ಮಾಡಿದರೆ ಹೊಂದುತ್ತದಾ ಇಲ್ಲವಾ ಅಂತ ಮನೆಯಲ್ಲೇ ತಿಳಿಯುತ್ತದೆ, ಬೇಕಾದರೆ ಡಾಕ್ಟರ್ ಬೇರೆ ಮಾತ್ರೆ ಕೊಡುತ್ತಾರೆ. ವಾಪಸ್ ಬಂದ ಮೇಲೂ ಅದನ್ನು ನಾಲ್ಕು ವಾರ ನುಂಗಬೇಕು, ಒಬ್ಬರಿಗೊಬ್ಬರು ನೆನಪಿಸಿ. ನಮ್ಮಲ್ಲಿ ಮರೆತವಳು ನಾನು.