ಗೆಳೆಯನ ದನಿ ಹೋದಾಗ ಜೊತೆಗಿದ್ದ ನನ್ನ ಅನುಭವ

ಮೂರು ತಿಂಗಳಿಂದ ಗೆಳೆಯನ ದನಿ ಒಡೆದಿತ್ತು. ಶೀತ ಇರಬೇಕು ಅಂತ ಇಬ್ಬರೂ ಸುಮ್ನಿದ್ದೆವು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಗಂಟಲು ತೋರಿಸಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ಕೊನೆಗೆ ಗಂಟಲಿನ ಒಂದು ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಯಿತು. ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಪೂರ್ತಿ ತೆಗೆಯಬೇಕು ಅಂದರು.

ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನಾನು ವಹಿಸಿಕೊಂಡೆ. ಕ್ಯಾನ್ಸರ್ ಅನ್ನುವ ಮಾತು ಬಿದ್ದಮೇಲೆ ಅವನಿಗೂ ಅವನ ಹೆಂಡತಿಗೂ ಬೇರೇನೂ ಕಿವಿಗೆ ಹೋಗುತ್ತಿರಲಿಲ್ಲ. ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಇನ್ನು ಮುಂದೆ ಉಸಿರಾಟ ಆ ರಂಧ್ರದಿಂದಲೇ, ಬಾಯಿ ಊಟಕ್ಕೆ ಮಾತ್ರ. ಮನೆಗೆ ಬಂದು ಅದನ್ನೇ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಅವನು ಕೇಳಿದ್ದು ಒಂದೇ: "ನಗು ಬರುತ್ತಾ?"

ನಗುವಿನ ಸದ್ದೂ ಹೋಗುತ್ತದೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮರುದಿನ ಫೋನಿನಲ್ಲಿ ಅವನ ದನಿ ರೆಕಾರ್ಡ್ ಮಾಡಲು ಕೂತೆವು. ಮಗಳ ಹೆಸರನ್ನು ಹತ್ತು ರೀತಿ ಕರೆದ. ಸಿಟ್ಟಿನಲ್ಲಿ, ಮುದ್ದಿನಲ್ಲಿ, ಬಾಗಿಲಾಚೆಯಿಂದ ಕೂಗಿದ ಹಾಗೆ. ಆಪರೇಷನ್‌ಗೆ ಮುಂಚೆ ಸಮಯ ಇರುವವರು ಇದೊಂದನ್ನು ಬಿಡಬೇಡಿ. ದನಿ ಒಡೆದಿದ್ದರೂ ಪರವಾಗಿಲ್ಲ, ಅದು ಅವರದೇ ದನಿ ಅಲ್ವಾ.

ಆ ರಾತ್ರಿಗಳಲ್ಲಿ ತುಂಬ ಓದಿದೆ. ಕ್ಯಾನ್ಸರ್‌ಗಾಗಿ ಇಡೀ ಧ್ವನಿಪೆಟ್ಟಿಗೆಯನ್ನು ಮೊದಲು ತೆಗೆದದ್ದು 1873ರಲ್ಲಿ, ವಿಯೆನ್ನಾದ ಸರ್ಜನ್ ಬಿಲ್‌ರಾತ್. ಅವರ ಸಹಾಯಕ ಗುಸೆನ್‌ಬೌವರ್ ಆ ರೋಗಿಗೆ ಕೃತಕ ದನಿಯ ಸಾಧನವನ್ನೂ ಮಾಡಿಕೊಟ್ಟಿದ್ದರಂತೆ. ಆ ಮೊದಲ ರೋಗಿಗೂ ಮಾತು ಮರಳಬೇಕು ಅಂತ ಯಾರೋ ಕೂತು ಕೆಲಸ ಮಾಡಿದ್ದರಲ್ಲ ಅಂತ ಓದಿದಾಗ ನನಗೆ ಧೈರ್ಯ ಬಂತು.

ಆಪರೇಷನ್ ಆದಮೇಲೆ ಮೂಗಿನಲ್ಲಿ ಊಟದ ಕೊಳವೆ, ಕುತ್ತಿಗೆಯಲ್ಲಿ ಉಸಿರಿನ ಕೊಳವೆ. ಕೆಮ್ಮು ಬಂದರೆ ಅವನ ಕೈ ಅಭ್ಯಾಸದಂತೆ ಬಾಯಿಗೆ ಹೋಗುತ್ತಿತ್ತು. ಕಫ ಬರುತ್ತಿದ್ದದ್ದು ಕುತ್ತಿಗೆಯಿಂದ. ಕೈ ಕೆಳಗಿಳಿಯುವುದನ್ನು ಕಲಿಯಲು ಅವನಿಗೆ ವಾರಗಳೇ ಬೇಕಾದವು.

ಮಾತಿಗೆ ಬರೆದು ಅಳಿಸುವ ಒಂದು ಸ್ಲೇಟು ಕೊಟ್ಟಿದ್ದೆ. ನಾನು ತಪ್ಪು ಮಾಡಿದ್ದು ಅಲ್ಲಿಯೇ. ಅವನು "ನೀ" ಅಂತ ಬರೆಯುವಷ್ಟರಲ್ಲಿ "ನೀರಾ? ಬಾಯಿಂದ ಈಗ ಕುಡಿಯೋ ಹಾಗಿಲ್ಲ" ಅನ್ನುತ್ತಿದ್ದೆ. ನರ್ಸ್ ಬಂದು ಏನಾದರೂ ಕೇಳಿದರೆ ಉತ್ತರವೂ ನನ್ನದೇ. ಐದನೇ ದಿನ ಅವನು ಸ್ಲೇಟನ್ನು ಮಗುಚಿ ಹಾಕಿ ಗೋಡೆ ಕಡೆ ತಿರುಗಿಬಿಟ್ಟ. ಸಂಜೆ ಬರೆದು ತೋರಿಸಿದ: "ನೀನು ಮನೆಗೆ ಹೋಗಿ ಮಲಗು ಅಂತ ಬರೀತಿದ್ದೆ. ಮುಗಿಸೋಕೆ ಬಿಡು."

ಅಂದಿನಿಂದ ಕೈಕಟ್ಟಿ ಕೂರುವುದನ್ನು ಕಲಿತೆ. ಪೆನ್ನು ಪೂರ್ತಿ ನಿಲ್ಲುವವರೆಗೂ ಬಾಯಿ ತೆರೆಯುತ್ತಿರಲಿಲ್ಲ. ಯಾರಾದರೂ ನನ್ನ ಮುಖ ನೋಡಿ ಅವನ ಬಗ್ಗೆ ಕೇಳಿದರೆ, ನಾನು ಅವನ ಮುಖ ನೋಡುತ್ತಿದ್ದೆ. ಕೇಳಿದವರ ಕಣ್ಣೂ ತಾನಾಗಿ ಆ ಕಡೆ ತಿರುಗುತ್ತಿತ್ತು.

ಮನೆಗೆ ಬಂದಮೇಲೆ ಕಷ್ಟ ಜಾಸ್ತಿ ಕೊಟ್ಟದ್ದು ಕಫ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ, ಧೂಳು ತಡೆದು ಒಳಗೆ ಬಿಡುತ್ತದೆ. ಈಗ ಗಾಳಿ ನೇರ ಒಳಗೆ. ಕಫ ಒಣಗಿ ರಂಧ್ರದ ಅಂಚಿಗೆ ಹಕ್ಕಳೆ ಕಟ್ಟುತ್ತಿತ್ತು. ನಾನು ಟಾರ್ಚ್ ಹಿಡಿಯುತ್ತಿದ್ದೆ, ಅವನ ಹೆಂಡತಿ ನರ್ಸ್ ತೋರಿಸಿದ ಹಾಗೆ ಸಲೈನ್‌ನಲ್ಲಿ ನೆನೆಸಿ ಮೆಲ್ಲಗೆ ಬಿಡಿಸುತ್ತಿದ್ದರು. ಮೊದಲ ದಿನ ನನ್ನ ಕೈ ನಡುಗಿತು. ವಾರದಲ್ಲಿ ಅವನೇ ಕನ್ನಡಿ ಮುಂದೆ ನಿಂತು ಮಾಡಿಕೊಳ್ಳಲು ಶುರುಮಾಡಿದ. ನಾವು ಟಾರ್ಚನ್ನೂ ಅವನ ಕೈಗೇ ಕೊಟ್ಟೆವು. ತೇವ ಉಳಿಸುವ ಫಿಲ್ಟರ್ ಹಾಕಿದಮೇಲೆ ಕೆಮ್ಮು ಎಷ್ಟೋ ತಗ್ಗಿತು.

ಸ್ನಾನದಲ್ಲಿ ರಂಧ್ರಕ್ಕೆ ನೀರು ಹೋಗಬಾರದು, ಅದಕ್ಕೆ ಕವಚ ಇದೆ. ಮೂಗಿನಿಂದ ಗಾಳಿ ಓಡಾಡದ ಕಾರಣ ವಾಸನೆಯೂ ಸರಿಯಾಗಿ ತಿಳಿಯುವುದಿಲ್ಲ. ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲ, ಹಾಗಾಗಿ ಮನೆಯವರು ಎಚ್ಚರವಾಗಿರಬೇಕು. ಅವನ ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇವೆ: "ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ. ಆಕ್ಸಿಜನ್ ಮಾಸ್ಕ್ ಕುತ್ತಿಗೆಗೆ ಹಿಡಿಯಿರಿ." ಎಲ್ಲೋ ಬಿದ್ದರೆ ಮಾಸ್ಕನ್ನು ಮುಖಕ್ಕೆ ಹಿಡಿದು ಪ್ರಯೋಜನವಿಲ್ಲ.

ಆಮೇಲೆ ಆರು ವಾರ ರೇಡಿಯೇಷನ್. ಆಗ ನಾನು ಮಾಡಿದ್ದು ಕಾರು ಓಡಿಸಿದ್ದು, ಪಕ್ಕದಲ್ಲಿ ಸುಮ್ನೆ ಕೂತಿದ್ದು, ಅಷ್ಟೇ.

ದನಿಗೆ ಮೊದಲು ಗದ್ದದ ಕೆಳಗೆ ಒತ್ತಿ ಹಿಡಿಯುವ ಯಂತ್ರ ಬಂತು. ಗುಂಯ್‌ಗುಡುವ ಆ ಸದ್ದು ಅವನಿಗೆ ಹಿಡಿಸಲಿಲ್ಲ. ಆಮೇಲೆ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಒಂದು ಪುಟ್ಟ ಸಿಲಿಕೋನ್ ವಾಲ್ವ್ ಕೂರಿಸಿದರು. ಬೆರಳಿನಿಂದ ರಂಧ್ರ ಮುಚ್ಚಿದರೆ ಉಸಿರು ವಾಲ್ವ್ ದಾಟಿ ಗಂಟಲಿಗೆ ಬರುತ್ತದೆ, ಅಲ್ಲಿನ ಗೋಡೆ ಅದುರಿ ಮಾತಾಗುತ್ತದೆ. ಕೆಲವು ತಿಂಗಳಿಗೊಮ್ಮೆ ವಾಲ್ವ್ ಬದಲಿಸಬೇಕು. ನೀರು ಕುಡಿದಾಗ ಕೆಮ್ಮು ಬಂದರೆ ಅದು ಸೋರುತ್ತಿದೆ ಅಂತ ಅರ್ಥ.

ಹೊಸ ದನಿ ಗಡುಸು. ಮಗಳು ಎರಡು ದಿನ ಹತ್ತಿರ ಹೋಗಲಿಲ್ಲ, ಮೂರನೇ ದಿನ ತಾನೇ ಬಂದು "ಇನ್ನೊಂದ್ಸಲ ನನ್ನ ಹೆಸರು ಹೇಳಪ್ಪ" ಅಂದಳು.

ಈಗ ಅವನು ಫೋನ್ ಮಾಡಿದರೆ ಮೊದಲು ಒಂದು ಕ್ಷಣ ಏನೂ ಕೇಳಿಸುವುದಿಲ್ಲ. ಬೆರಳು ಕುತ್ತಿಗೆಗೆ ಹೋಗುವಷ್ಟು ಹೊತ್ತು ಅದು. ನಾನು ಹಲೋ ಹಲೋ ಅನ್ನುವುದಿಲ್ಲ, ಕಾಯುತ್ತೇನೆ.