ಓದುಗರು ಕಳಿಸಿದ ವಿಡಿಯೊ ಸುದ್ದಿ ಆಗೋದು ಹೇಗೆ?

ಜನ ಕಳಿಸೋ ಫೋಟೊ, ವಿಡಿಯೊ, ದಾಖಲೆ ಇಲ್ದೆ ಇವತ್ತು ಸುದ್ದಿಮನೆ ನಡೆಸೋದು ಕಷ್ಟ. ಆದ್ರೆ ಫೋನಿಗೆ ಬಂದ ಕ್ಲಿಪ್ಪಿಗೂ ಪ್ರಕಟ ಆಗೋ ಸುದ್ದಿಗೂ ನಡುವೆ ತುಂಬಾ ಕೆಲಸ ಇದೆ, ಅದರಲ್ಲಿ ಮುಕ್ಕಾಲು ಪಾಲು ಕಳಿಸಿದೋರ ಜೊತೆ ಮಾತಾಡೋದೇ.

ಮೊದಲು ಕೇಳೋ ಪ್ರಶ್ನೆ ಸರಿ ಇರ್ಬೇಕು. "ನಿಮ್ಮ ಅನುಭವ ಹೇಳಿ" ಅಂದ್ರೆ ಏನೇನೋ ಬರತ್ತೆ. ಯಾವ ದಿನ, ಯಾವ ರಸ್ತೆ, ಎಷ್ಟು ಗಂಟೆಗೆ ಅಂತ ಕೇಳಿ. 2009ರ ಏಪ್ರಿಲ್ 1ಕ್ಕೆ ಲಂಡನ್ನಲ್ಲಿ ಜಿ20 ಪ್ರತಿಭಟನೆ ಟೈಮಲ್ಲಿ ಇಯಾನ್ ಟಾಮ್ಲಿನ್ಸನ್ ಅನ್ನೋ ಪೇಪರ್ ಮಾರೋ ವ್ಯಕ್ತಿ ಕುಸಿದು ತೀರಿಕೊಂಡ್ರು. ಅವತ್ತು ಆ ಜಾಗದಲ್ಲಿ ಯಾರ್ಯಾರಿದ್ರು ಅಂತ ಗಾರ್ಡಿಯನ್ ಪತ್ರಿಕೆಯವರು ಬಿಡದೆ ಹುಡುಕಿದ್ರು, ಕೊನೆಗೆ ಅಮೆರಿಕದಿಂದ ಬಂದಿದ್ದ ಒಬ್ಬರು ತಾವು ತೆಗೆದ ವಿಡಿಯೊ ಕೊಟ್ರು, ಪೊಲೀಸ್ ಒಬ್ಬ ಟಾಮ್ಲಿನ್ಸನ್ ಅವರನ್ನ ಹಿಂದಿನಿಂದ ತಳ್ಳಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣ್ತಿತ್ತು. ಏಪ್ರಿಲ್ 7ಕ್ಕೆ ಅದು ಹೊರಗೆ ಬಂತು. ಅದೇ ವರ್ಷ ಬ್ರಿಟನ್ ಸಂಸದರ ಖರ್ಚಿನ ಲಕ್ಷಾಂತರ ಪುಟ ಆನ್‌ಲೈನಲ್ಲಿ ಹಾಕಿ, ಓದಿ ಗುರುತು ಮಾಡಿ ಅಂತ ಓದುಗರನ್ನೇ ಕೇಳಿದ್ದೂ ಇದೇ ಪತ್ರಿಕೆ.

ಬರೋದನ್ನ ವಿಂಗಡಿಸೋಕೆ ಒಂದು ಫಾರ್ಮ್ ಸಾಕು: ನೀವೇ ತೆಗೆದಿದ್ದಾ, ಎಲ್ಲಿ, ಯಾವಾಗ, ಫೋನ್ ನಂಬರ್, ಹೆಸರು ಹಾಕ್ಬಹುದಾ. 2005ರ ಜುಲೈ 7ರ ಲಂಡನ್ ಬಾಂಬ್ ಸ್ಫೋಟದ ದಿನ ಬಿಬಿಸಿಗೆ ಕೆಲವೇ ಗಂಟೆಗಳಲ್ಲಿ 1,000ಕ್ಕೂ ಹೆಚ್ಚು ಫೋಟೊ, ಸುಮಾರು 20,000 ಇಮೇಲ್ ಬಂದಿದ್ವು, ಅಂಥ ದಿನ ಯಾವುದನ್ನ ಮೊದಲು ನೋಡೋದು ಅನ್ನೋದೇ ದೊಡ್ಡ ಪ್ರಶ್ನೆ.

ಇನ್ನು ಪರಿಶೀಲನೆ, ಅವಸರ ಮಾಡಲೇಬಾರದ ಹಂತ ಇದು. ಒರಿಜಿನಲ್ ಫೈಲ್ ಕೇಳಿ. ವಾಟ್ಸಾಪಲ್ಲಿ ಮಾಮೂಲಿ ಫೋಟೊ ಥರ ಕಳಿಸಿದ್ರೆ ಯಾವಾಗ ಎಲ್ಲಿ ತೆಗೆದಿದ್ದು ಅನ್ನೋ ಮಾಹಿತಿ ಅಳಿಸಿ ಹೋಗತ್ತೆ, ಅದಕ್ಕೆ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ವಿಡಿಯೊದ ಒಂದೆರಡು ಫ್ರೇಮ್ ಸ್ಕ್ರೀನ್‌ಶಾಟ್ ತೆಗೆದು ರಿವರ್ಸ್ ಇಮೇಜ್ ಸರ್ಚ್ ಮಾಡಿ (ಅಂದ್ರೆ ಅದೇ ಚಿತ್ರ ಇಂಟರ್‌ನೆಟ್ಟಲ್ಲಿ ಮುಂಚೆ ಎಲ್ಲಾದ್ರೂ ಬಂದಿದ್ಯಾ ಅಂತ ಚಿತ್ರ ಹಾಕಿಯೇ ಹುಡುಕೋದು), ಎಷ್ಟೋ "ಈಗಷ್ಟೇ ಆಗಿದ್ದು" ಅನ್ನೋ ಪ್ರವಾಹದ ವಿಡಿಯೊಗಳು ವರ್ಷಗಟ್ಟಲೆ ಹಳೇವು, ಬೇರೆ ದೇಶದ್ದು. ಅಂಗಡಿ ಬೋರ್ಡು, ಕರೆಂಟ್ ಕಂಬ, ತಿರುವು, ಇವನ್ನ ಮ್ಯಾಪಲ್ಲಿ ತಾಳೆ ನೋಡಿ. ಬೆಳಿಗ್ಗೆ ಅಂತ ಹೇಳಿ ನೆರಳು ಪೂರ್ವಕ್ಕೆ ಬಿದ್ದಿದ್ರೆ ಎಲ್ಲೋ ತಪ್ಪಿದೆ. ಆಮೇಲೆ ಫೋನ್ ಮಾಡಿ: ಎಲ್ಲಿ ನಿಂತಿದ್ರಿ, ನಿಮ್ಮ ಬೆನ್ನ ಹಿಂದೆ ಏನಿತ್ತು, ಇದಕ್ಕೆ ಮುಂಚೆ ಮತ್ತೆ ಆಮೇಲೆ ತೆಗೆದ ಫೋಟೊ ಇದ್ಯಾ? ತೆಗೆದೋರ ಹತ್ರ ಸಾಮಾನ್ಯವಾಗಿ ಇದಕ್ಕೆಲ್ಲ ಉತ್ತರ ಇರತ್ತೆ. "ಗ್ರೂಪಲ್ಲಿ ಬಂತು" ಅಂದ್ರೆ ಗ್ರೂಪಿಗೆ ಹಾಕಿದ್ಯಾರು ಅಂತ ಹಿಂದೆ ಹಿಂದೆ ಹೋಗ್ಬೇಕು.

ಅನುಮತಿ ಬರವಣಿಗೆಯಲ್ಲಿರಲಿ. ಆನ್‌ಲೈನಲ್ಲಿ ಹಾಕಿದಾರೆ ಅಂದ ಮಾತ್ರಕ್ಕೆ ಅದು ಎಲ್ಲರದ್ದೂ ಆಗಲ್ಲ, ಹಕ್ಕು ಸಾಮಾನ್ಯವಾಗಿ ತೆಗೆದೋರದ್ದೇ.

ಸುರಕ್ಷತೆ ಬಗ್ಗೆ ನಾನು ತುಂಬಾ ಗಟ್ಟಿಯಾಗಿ ಹೇಳ್ತೀನಿ. ಬೆಂಕಿ, ಗಲಾಟೆ ನಡೀತಿರೋ ಕಡೆ ಇರೋರಿಗೆ "ಇನ್ನೂ ಸ್ವಲ್ಪ ಹತ್ರ ಹೋಗಿ ತೆಗೀರಿ" ಅಂತ ಯಾವತ್ತೂ ಹೇಳ್ಬಾರ್ದು. "ಸೇಫಾಗಿದೀರಾ?" ಅನ್ನೋದೇ ಮೊದಲ ಮೆಸೇಜ್ ಆಗಿರ್ಲಿ. ತಾವು ಕೆಲಸ ಮಾಡೋ ಕಡೆಯ ಅಕ್ರಮ ಹೇಳ್ತಿರೋರಾದ್ರೆ ಹೆಸರೊಂದನ್ನ ತೆಗೆದ್ರೆ ಸಾಲದು, ದನಿ, ಕಿಟಕಿಯಾಚೆ ಕಾಣೋ ಕಟ್ಟಡ, ಟೇಬಲ್ ಮೇಲಿರೋ ಐಡಿ ಕಾರ್ಡ್ ಎಲ್ಲ ನೋಡಿ ಮುಚ್ಚಿ.

ಪ್ರಕಟ ಆದ್ಮೇಲೆ ಕಳಿಸಿದೋರಿಗೆ ಲಿಂಕ್ ಕಳಿಸಿ. ಬಳಸದೆ ಇದ್ರೆ ಯಾಕೆ ಅಂತ ಎರಡು ಸಾಲು ಬರೀರಿ, ಪ್ರಕಟ ಆಗಿದ್ದನ್ನ ತೆಗೆದುಹಾಕಿ ಅಂತ ಅವರು ಕೇಳ್ಕೋಬೇಕಂದ್ರೆ ಯಾರಿಗೆ ಹೇಳ್ಬೇಕು ಅನ್ನೋ ಒಂದು ನಂಬರ್ ಲಿಂಕ್ ಕಳಿಸೋ ಮೆಸೇಜಲ್ಲೇ ಇರ್ಲಿ.